ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್: ಹೋಗಿ ಬಂದವರು ಸ್ವಲ್ಪ ಹೇಳಿ

ಸಿಯಾಟಲ್ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಗೆ ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 66. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗಲ್ಲ. ಕಾರಿನಲ್ಲಿ ದಿನಗಟ್ಟಲೆ ಕೂರಿಸಿ ಸುತ್ತಿಸುವ ಬದಲು ಸಿಯಾಟಲ್‌ನಿಂದಲೇ ಹೊರಡುವ 7 ರಾತ್ರಿಯ ಅಲಾಸ್ಕಾ ಕ್ರೂಸ್ ಬುಕ್ ಮಾಡೋಣ ಅಂತ ನಾನು, ನನ್ನ ಹೆಂಡತಿ ಯೋಚಿಸಿದ್ದೇವೆ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ. ಎಲ್ಲರೂ ಸಸ್ಯಾಹಾರಿಗಳು. ಅಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಲ್ಲ. ವಾಟರ್ ಸ್ಲೈಡ್, ಗೋ-ಕಾರ್ಟ್ ಎಲ್ಲ ಇರುವ ದೊಡ್ಡ ಹೊಸ ಹಡಗು ಒಂದು, ಹಳೆಯ ಸಣ್ಣ ಹಡಗು ಒಂದು ನೋಡಿಟ್ಟಿದ್ದೇವೆ. ಯಾವುದು ತಗೊಳ್ಳಲಿ? ಅಮೆರಿಕದಲ್ಲಿ ನಾವಿಬ್ಬರು ಎಚ್1ಬಿ (ಕೆಲಸದ ವೀಸಾ), ಅವರದ್ದು ಬಿ2 (ಪ್ರವಾಸಿ ವೀಸಾ).

ಕಡಲ ದಾರಿ

ಹಡಗಿನ ಮಾತು ಆಮೇಲೆ. ನಾಲ್ಕೂ ಜನಕ್ಕೆ ಕೆನಡಾ ವೀಸಾ ಇದೆಯಾ?

ಸಿಯಾಟಲ್ ಮಲೆನಾಡಿಗ

ಕೆನಡಾ ಯಾಕೆ ಮೇಡಂ? ಹೊರಡುವುದು ಸಿಯಾಟಲ್, ಹೋಗುವುದು ಅಲಾಸ್ಕಾ, ವಾಪಸ್ ಸಿಯಾಟಲ್. ಕೊನೆಯ ರಾತ್ರಿ ಕೆನಡಾದ ವಿಕ್ಟೋರಿಯಾ ಅಂತ ಒಂದು ಊರಿದೆ, ಅಲ್ಲಿ ನಾವು ಇಳಿಯುವುದೇ ಇಲ್ಲ.

ಕಡಲ ದಾರಿ

ಇಳಿಯದಿದ್ದರೂ ಬೇಕು. ವರ್ಷಾ ವರ್ಷ ಯಾರಾದರೊಬ್ಬರು ಇದೇ ಕಾರಣಕ್ಕೆ ಸೂಟ್‌ಕೇಸ್ ಸಮೇತ ಬಂದರಿನಿಂದ ಮನೆಗೆ ಮರಳುತ್ತಾರೆ. ಕಾಗದ ನೋಡುವುದು ವಿಕ್ಟೋರಿಯಾದಲ್ಲಲ್ಲ, ಸಿಯಾಟಲ್‌ನಲ್ಲಿ ಹಡಗು ಹತ್ತುವ ಮುಂಚೆ. ಅಲ್ಲಿ ವೀಸಾ ತೋರಿಸದಿದ್ದರೆ ಹತ್ತಿಸಲ್ಲ. ಕಟ್ಟಿದ ಹಣವೂ ಬರಲ್ಲ.

ಹಡಗು ವಿಕ್ಟೋರಿಯಾಕ್ಕೆ ಹೋಗುವುದು ಪ್ರವಾಸಿಗರ ಮೇಲಿನ ಪ್ರೀತಿಗಲ್ಲ, 1886ರ ಒಂದು ಅಮೆರಿಕನ್ ಕಾನೂನಿಗೆ. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿಕೊಂಡು, ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟದೆ, ಮತ್ತೆ ಅಮೆರಿಕದಲ್ಲೇ ಇಳಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಮ್ಮಿ ಬಹಾಮಾಸ್, ಪನಾಮ, ಮಾಲ್ಟಾ ಬಾವುಟದವು. ಹಾಗಾಗಿ ಕತ್ತಲಾಗುವ ಹೊತ್ತಿಗೆ ವಿಕ್ಟೋರಿಯಾಕ್ಕೆ ಬಂದು ನಾಲ್ಕೈದು ಗಂಟೆ ನಿಂತು ಹೊರಡುತ್ತವೆ. 2021ರಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದ್ದಾಗ ಅಲಾಸ್ಕಾ ಹಡಗುಗಳಿಗೆ ವಿನಾಯಿತಿ ಕೊಡಲು ಅಮೆರಿಕದ ಸಂಸತ್ತೇ ಒಂದು ಹೊಸ ಕಾನೂನು ಮಾಡಬೇಕಾಯಿತು. ಅಷ್ಟು ಬಿಗಿ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಸಾಕು. ಎಚ್1ಬಿ, ಬಿ2 ಇರುವ ಭಾರತೀಯರಿಗೆ ಬೇಕೇ ಬೇಕು. ಅರ್ಜಿಗೆ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಅಪ್ಪ ಅಮ್ಮ ಅಲ್ಲಿಂದ ಹೊರಡುವ ಮುಂಚೆಯೇ ಬೆಂಗಳೂರಿನ ವಿಎಫ್‌ಎಸ್ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ವೀಸಾ ಹಾಕಿಸಿಕೊಂಡು ಬರಲಿ. ಬಂದ ಮೇಲೆ ಇಲ್ಲಿ ಮಾಡಿಸಬಹುದು. ಆದರೆ ಅರ್ಜಿ ಎಷ್ಟು ದಿನ ತಗೊಳ್ಳುತ್ತದೆ ಅಂತ ಲೆಕ್ಕ ಹಾಕಿಕೊಂಡು ಕೂರುವುದು ದೊಡ್ಡ ತಲೆನೋವು.

ಸಿಯಾಟಲ್ ಮಲೆನಾಡಿಗ

ಅಯ್ಯೋ, ಇದನ್ನು ಬುಕಿಂಗ್ ಸೈಟಿನಲ್ಲಿ ಎಲ್ಲೂ ದೊಡ್ಡದಾಗಿ ಬರೆದಿಲ್ಲವಲ್ಲ! ಒಳ್ಳೆಯ ಕಾಲಕ್ಕೆ ಹೇಳಿದಿರಿ.

ಬಸವನಗುಡಿ ಬಿಸಿಬೇಳೆ

ನಮ್ಮ ಭಾವನ ಮನೆಯವರಿಗೆ ಇದೇ ಆಯಿತು. ಹತ್ತು ಜನ ಹೊರಟಿದ್ದರು, ಇಬ್ಬರು ದಡದಲ್ಲೇ ಉಳಿದರು. ವೀಸಾ ಇಲ್ಲದವರು ಹವಾಯಿ ನೋಡಬಹುದು. ಅಲ್ಲಿ ಪ್ರೈಡ್ ಆಫ್ ಅಮೆರಿಕ ಅನ್ನುವ ಹಡಗಿನ ಮೇಲೆ ಅಮೆರಿಕದ್ದೇ ಬಾವುಟ ಇದೆ. ಹೊನೊಲುಲುವಿನಿಂದ ಹೊರಟು ದ್ವೀಪಗಳನ್ನೇ ಸುತ್ತಿ ಬರುತ್ತದೆ, ಬೇರೆ ದೇಶ ಮುಟ್ಟಲ್ಲ.

ಕಡಲ ದಾರಿ

ಹೌದು, ಅದೊಂದು ದಾರಿ ಇದೆ. ಆದರೆ ಮಂಜು ನೋಡಬೇಕು ಅನ್ನುವವರಿಗೆ ತೆಂಗಿನಮರ ತೋರಿಸಿ ಏನು ಪ್ರಯೋಜನ.

ಮಲೆನಾಡಿಗರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಹಡಗು ಆರಿಸುತ್ತಾರೆ, ದಾರಿ ಆರಿಸುವುದಿಲ್ಲ. ಅಲಾಸ್ಕಾದಲ್ಲಿ ಮಾತ್ರ ಅದು ತಲೆಕೆಳಗು: ಮೊದಲು ದಾರಿ, ಆಮೇಲೆ ಹಡಗು. ಸಿಯಾಟಲ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಿನಿಂದ, ಅಂದರೆ ತೆರೆದ ಪೆಸಿಫಿಕ್ ಸಮುದ್ರದಲ್ಲಿ ಹೋಗುತ್ತದೆ. ಮೊದಲ ರಾತ್ರಿ, ಮರುದಿನ ಪೂರ್ತಿ ಓಲಾಟ. ಎರಡೂ ಕಡೆ ನೀರು ಬಿಟ್ಟರೆ ಬೇರೇನಿಲ್ಲ. ವ್ಯಾಂಕೂವರ್‌ನಿಂದ ಹೊರಟ ಹಡಗು ದ್ವೀಪಕ್ಕೂ ನೆಲಕ್ಕೂ ನಡುವಿನ ಕಿರುದಾರಿಯಲ್ಲಿ ಹೋಗುತ್ತದೆ. ಅಲೆ ಕಡಿಮೆ. ಕಾಡು, ಬೆಟ್ಟ, ಸಣ್ಣ ದೀಪಸ್ತಂಭ ಎಲ್ಲ ಹತ್ತಿರದಲ್ಲೇ ಸಾಗುತ್ತವೆ. ಕೆನಡಾ ವೀಸಾ ಹೇಗೂ ಮಾಡಿಸಲೇಬೇಕಲ್ವಾ? ಹಾಗಿದ್ದ ಮೇಲೆ ಸಿಯಾಟಲ್‌ನಿಂದ ಮೂರು ಗಂಟೆ ಕಾರಿನ ದಾರಿಯ ವ್ಯಾಂಕೂವರ್‌ನಿಂದಲೇ ಯಾಕೆ ಹೊರಡಬಾರದು? ಗಡಿಯಲ್ಲಿ ಕಾಯುವುದನ್ನೂ ಲೆಕ್ಕಕ್ಕೆ ಹಿಡಿದು ಹಿಂದಿನ ದಿನವೇ ಹೋಗಿ ಉಳಿಯಿರಿ. ಅಮೆರಿಕದ ಇಮಿಗ್ರೇಶನ್ ವ್ಯಾಂಕೂವರ್ ಬಂದರಿನಲ್ಲೇ ಆಗುತ್ತದೆ. ಮೂರು ಹಡಗು ನಿಂತ ದಿನ ಸಾಲು ಉದ್ದ ಇರುತ್ತದೆ, ಅಪ್ಪನಿಗೆ ಗಾಲಿಕುರ್ಚಿ ಕೇಳಿ. ಹತ್ತಿಸಲು, ಇಳಿಸಲು ಅವರೇ ಕೊಡುತ್ತಾರೆ, ದುಡ್ಡಿಲ್ಲ. ವಾರ ಪೂರ್ತಿ ಬೇಕಿದ್ದರೆ ಬಾಡಿಗೆಗೆ ತರಿಸಿಕೊಳ್ಳಬೇಕು.

ಎರಡನೆಯದು, ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿ ಇರುವ ದಾರಿ ಹುಡುಕಿ. ಅಲ್ಲಿಗೆ ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗಿಗೆ ಮಾತ್ರ ಬಿಡುತ್ತಾರೆ. ಹಾಗಾಗಿ ಎಲ್ಲ ಹಡಗೂ ಹೋಗಲ್ಲ. ಬೆಳಿಗ್ಗೆ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು, ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಏಣಿ ಹಿಡಿದು ಹತ್ತುತ್ತಾರೆ. ದಿನವಿಡೀ ಮೈಕಿನಲ್ಲಿ ವಿವರಿಸುತ್ತಾರೆ. ಎಲ್ಲೂ ಇಳಿಯುವುದಿಲ್ಲ, ಅಪ್ಪ ಒಂದು ಹೆಜ್ಜೆಯೂ ನಡೆಯಬೇಕಿಲ್ಲ. ಮಾರ್ಜರಿ ಅನ್ನುವ ಹಿಮನದಿಯ ಎದುರು ಹಡಗು ಇಂಜಿನ್ ಸದ್ದು ಇಳಿಸಿ ನಿಲ್ಲುತ್ತದೆ. ಮುಖ ಸುಮಾರು ಒಂದೂವರೆ ಕಿಲೋಮೀಟರ್ ಅಗಲ. ಬಿಳಿ ಅಂದುಕೊಂಡು ಹೋದರೆ ಸೀಳುಗಳ ಒಳಗೆ ಶಾಯಿ ಚೆಲ್ಲಿದಂಥ ನೀಲಿ. ಮನೆ ಗಾತ್ರದ ತುಂಡು ಕಳಚಿ ಬೀಳುವುದು ಮೊದಲು ಕಾಣುತ್ತದೆ, ಶಬ್ದವೇ ಇಲ್ಲ. ಎರಡು ಮೂರು ಸೆಕೆಂಡ್ ಬಿಟ್ಟು ಗುಡುಗಿನ ಸದ್ದು ಬಂದು ಎದೆಗೆ ತಾಗುತ್ತದೆ. ಅಷ್ಟರಲ್ಲಿ ಅಲೆ ಹುಟ್ಟಿ, ನೀರಿನಲ್ಲಿ ತೇಲುವ ಐಸ್ ಚೂರುಗಳೆಲ್ಲ ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ಚಟಪಟ ಅನ್ನುತ್ತವೆ. ಕ್ಯಾಪ್ಟನ್ ಹಡಗನ್ನು ಅಲ್ಲೇ ನಿಧಾನವಾಗಿ ತಿರುಗಿಸುತ್ತಾನೆ, ಎಡ ಬಲ ಎರಡೂ ಕಡೆಯವರಿಗೆ ಕಾಣಲಿ ಅಂತ. ಆದ್ದರಿಂದ ಬಾಲ್ಕನಿ ಯಾವ ಬದಿಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಹಳೆಯ ಸಣ್ಣ ಹಡಗು ಈ ದಾರಿಯಲ್ಲಿ ಹೋದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಗೋ-ಕಾರ್ಟ್ ಯಾರು ಓಡಿಸುತ್ತಾರೆ, ನಿಮ್ಮ ಅಪ್ಪನಾ?

ಹುಬ್ಬಳ್ಳಿ ಮಂದಿ

ನನಗೊಂದು ತಿಳಿಯಲ್ಲ. ಅಷ್ಟು ರೊಕ್ಕ ಕೊಟ್ಟು ವಾರಗಟ್ಟಲೆ ಒಂದು ಹೋಟೆಲಿನಲ್ಲಿ ಬಂಧಿ ಆಗುವುದು ಯಾಕ್ರಿ? ಒಂದೊಂದು ಊರಲ್ಲಿ ಆರು ತಾಸು. ಅದನ್ನು ನೋಡಿದ್ದು ಅನ್ನುತ್ತಾರೇನು?

ಕಡಲ ದಾರಿ

ಮೂವತ್ತು ವರ್ಷದವರಿಗೆ ನಿಮ್ಮ ಮಾತು ಸರಿ. ಮಂಡಿ ನೋವಿನ 71 ವರ್ಷದವರಿಗೆ ದಿನಾ ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಸೂಟ್‌ಕೇಸ್ ಎಳೆಯುವುದು ತಪ್ಪುತ್ತದಲ್ಲ, ಅದಕ್ಕೇ ಕೊಡುವ ಹಣ ಅದು. ಇನ್ನೊಂದು ವಿಷಯ. ಜೂನೋ ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು, ಇಲ್ಲ ವಿಮಾನ. ಹಾಗಾಗಿ ಈ ಭಾಗಕ್ಕೆ ಕ್ರೂಸ್ ಅನ್ನುವುದು ಬರೀ ಶೋಕಿ ಅಲ್ಲ.

ಪಣಂಬೂರಿನವ

ಹುಬ್ಬಳ್ಳಿಯವರು ಹೇಳುವುದರಲ್ಲೂ ಸತ್ಯ ಉಂಟು. ನಮ್ಮ ಮಂಗಳೂರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗು ಬರ್ತದೆ, ಪಣಂಬೂರಿನ ನವಮಂಗಳೂರು ಬಂದರಿಗೆ. ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ, ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿ ಸಂಜೆಯೊಳಗೆ ವಾಪಸ್. ಮೀನು ಗಸಿ ರುಚಿ ನೋಡದೆ ಮಂಗಳೂರು ನೋಡಿದೆ ಅಂದರೆ ಒಪ್ಪುವುದು ಹೇಗೆ ಮಾರಾಯ್ರೆ?

ನಾನು ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ಟೂವರ್ಡ್, ಅಂದರೆ ಪ್ರಯಾಣಿಕರ ಕೋಣೆ ನೋಡಿಕೊಳ್ಳುವವನಾಗಿ ಕೆಲಸ ಮಾಡಿದವ. ಪ್ರಯಾಣಿಕರು ಕೇಳದ ಒಂದೆರಡು ವಿಷಯ ಹೇಳ್ತೇನೆ. ವಯಸ್ಸಾದವರಿಗೆ ಕೆಳಗಿನ ಡೆಕ್, ಹಡಗಿನ ಮಧ್ಯಭಾಗ ತಗೊಳ್ಳಿ. ಅಲ್ಲಿ ಓಲಾಟ ಎಲ್ಲಕ್ಕಿಂತ ಕಡಿಮೆ. ಲಿಫ್ಟಿಗೆ ಹತ್ತಿರ ಇರಲಿ, ಎದುರೇ ಬೇಡ, ರಾತ್ರಿಯೆಲ್ಲ ಮಾತುಕತೆ. ಬುಕ್ ಮಾಡುವ ಮುಂಚೆ ಡೆಕ್ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೆ ಕೆಳಗೆ ಏನುಂಟು ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ಮೇಲೂ ಕೆಳಗೂ ಕ್ಯಾಬಿನ್ನೇ ಇದ್ದರೆ ನೆಮ್ಮದಿ. ಕಡಿಮೆ ದರಕ್ಕೆ 'ಗ್ಯಾರಂಟಿ' ಕ್ಯಾಬಿನ್ ಅಂತ ಕೊಡ್ತಾರೆ. ಅದರಲ್ಲಿ ಜಾಗ ಅವರ ಇಷ್ಟ, ನಿಮ್ಮದಲ್ಲ. ಅಪ್ಪ ಅಮ್ಮನಿಗೆ ಅದು ಬೇಡ.

ಮತ್ತೆ, ಟಾಯ್ಲೆಟ್ಟಿನಲ್ಲಿ ನೀರಿನ ಪೈಪ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಿ. ಫ್ಲಶ್ ಒತ್ತಿದರೆ ವ್ಯಾಕ್ಯೂಮ್ ಎಳೆದು ದೊಡ್ಡ ಶಬ್ದ ಬರ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿ ಹೊರಗೆ ಓಡಿ ಬರ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಸಿಯಾಟಲ್ ಮಲೆನಾಡಿಗ

ಮಗ್ ವಿಷಯ ಕೋಟಿ ರೂಪಾಯಿ ಸಲಹೆ ಸರ್! ಊಟದ ಕತೆ ಏನು? ಅಮ್ಮ ಸಣ್ಣ ರೈಸ್ ಕುಕ್ಕರ್ ತರುತ್ತೇನೆ ಅನ್ನುತ್ತಿದ್ದಾರೆ.

ಬಸವನಗುಡಿ ಬಿಸಿಬೇಳೆ

ರೈಸ್ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಒಳಗೆ ಬಿಡಲ್ಲ. ಸ್ಕ್ಯಾನಿಂಗಿನಲ್ಲಿ ಸಿಕ್ಕಿದ ತಕ್ಷಣ ಎತ್ತಿಟ್ಟು, ಇಳಿಯುವ ದಿನ ವಾಪಸ್ ಕೊಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದೇ ಗತಿ. ಹಡಗಿನಲ್ಲಿ ಬೆಂಕಿಗೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರಲ್ಲ.

ಊಟಕ್ಕೆ ಹೆದರಬೇಡಿ. ಮೊದಲ ರಾತ್ರಿಯೇ ದೊಡ್ಡ ಡೈನಿಂಗ್ ಹಾಲಿಗೆ ಹೋಗಿ, ಹೆಡ್ ವೇಟರ್ ಕರೆದು 'ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ' ಅಂತ ಹೇಳಿ. ಬರೀ ವೆಜಿಟೇರಿಯನ್ ಅಂದರೆ ಬೇಯಿಸಿದ ಕ್ಯಾರೆಟ್, ಬ್ರೊಕೊಲಿ ಬರುತ್ತೆ. ಇಂಡಿಯನ್ ಅಂತ ಸೇರಿಸಿದರೆ ಮರುದಿನದಿಂದ ದಾಲ್, ಬಾಸ್ಮತಿ, ಒಂದು ಪಲ್ಯ, ರಾಯಿತ. ನಾಳೆಗೆ ಏನು ಬೇಕು ಅಂತ ಹಿಂದಿನ ರಾತ್ರಿಯೇ ಕೇಳುತ್ತಾರೆ. ಬಫೆಯಲ್ಲಿ ಸೂಪ್ ಮಾತ್ರ ಕೇಳದೆ ಮುಟ್ಟಬೇಡಿ, ತರಕಾರಿ ಸೂಪಿಗೂ ಚಿಕನ್ ಸ್ಟಾಕ್ ಹಾಕುತ್ತಾರೆ. ಸಪ್ಪೆ ಮೊಸರು ಬೆಳಗಿನ ತಿಂಡಿ ಹೊತ್ತಿಗೆ ಸಿಗುತ್ತೆ. ನಾನು ಎರಡು ಕಪ್ ರೂಮಿಗೆ ತಂದು ಫ್ರಿಜ್‌ನಲ್ಲಿಟ್ಟು ರಾತ್ರಿ ಮೊಸರನ್ನ ಕಲಸುತ್ತೇನೆ. ಚಟ್ನಿಪುಡಿ, ಉಪ್ಪಿನಕಾಯಿ ಅಂಗಡಿಯ ಸೀಲ್ ಪ್ಯಾಕೆಟ್ ತನ್ನಿ, ಮನೆ ಡಬ್ಬಿ ಬೇಡ.

ಕಡಲ ದಾರಿ

ಆ ಮೊಸರು, ಹಣ್ಣು ಯಾವುದನ್ನೂ ಬಂದರಿನಲ್ಲಿ ಇಳಿಯುವಾಗ ಕೈಚೀಲದಲ್ಲಿ ಇಡಬೇಡಿ. ಒಂದು ಬಾಳೆಹಣ್ಣಿಗೆ ದಂಡ ಕಟ್ಟಿದವರಿದ್ದಾರೆ.

ಮತ್ತೆ ಬಫೆಗೆ ಹೋಗುವ ಮುಂಚೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತಿರುತ್ತಾರೆ, ಅದಷ್ಟೇ ಸಾಲದು. ಹಡಗುಗಳಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಆಲ್ಕೋಹಾಲ್ ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗುಗಳ ಶುಚಿತ್ವ ಪರೀಕ್ಷಿಸಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಯಾರು ಬೇಕಾದರೂ ನೋಡಬಹುದು, ನಿಮ್ಮ ಹಡಗಿನದ್ದು ನೋಡಿಕೊಳ್ಳಿ.

ಬಸವನಗುಡಿ ಬಿಸಿಬೇಳೆ

ಟಿಪ್ಸ್ ಬಗ್ಗೆ ಒಂದು ಕಿವಿಮಾತು. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರಿಸುತ್ತಾರೆ. ನಾಲ್ಕು ಜನಕ್ಕೆ ವಾರಕ್ಕೆ ಎಷ್ಟಾಯಿತು ನೋಡಿ. ಕೆಲವು ಹಡಗಿನಲ್ಲಿ ಕೌಂಟರಿಗೆ ಹೋಗಿ ಹೇಳಿದರೆ ತೆಗೆಯುತ್ತಾರೆ. ಬದಲಿಗೆ ನಮ್ಮ ಕ್ಯಾಬಿನ್ ಹುಡುಗನ ಕೈಗೆ ಒಂದಿಷ್ಟು ಕೊಟ್ಟರೆ ಆಯಿತು.

ಪಣಂಬೂರಿನವ

ಅಕ್ಕ, ಬೇಸರ ಮಾಡಬೇಡಿ, ಇದನ್ನು ಒಪ್ಪುವುದಿಲ್ಲ. ಆ ಹಣ ನಿಮ್ಮ ಕಣ್ಣಿಗೆ ಬೀಳುವ ಹುಡುಗನಿಗೆ ಮಾತ್ರ ಅಲ್ಲ. ತಟ್ಟೆ ತೊಳೆಯುವವ, ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವವ, ನೀವು ಒಮ್ಮೆಯೂ ನೋಡದವರಿಗೂ ಅದರಲ್ಲಿ ಪಾಲು ಹೋಗ್ತದೆ. ಏಳೆಂಟು ತಿಂಗಳ ಕಾಂಟ್ರಾಕ್ಟ್, ವಾರದ ರಜೆ ಅನ್ನುವುದೇ ಇಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಾರಕ್ಕೆ 72 ಗಂಟೆಯವರೆಗೆ ದುಡಿಸಬಹುದು. ನಿಯಮ ಮಿತಿಗೆ ಇಟ್ಟದ್ದು, ಆದರೆ ಕೆಲಸ ಹೆಚ್ಚುಕಡಿಮೆ ಆ ಮಿತಿಗೆ ತಾಗಿಯೇ ಇರ್ತದೆ. ಟಿಕೆಟ್ ಅಗ್ಗ ಇರುವುದು ಯಾಕೆ ಅಂದುಕೊಂಡಿರಿ? ಅದನ್ನು ಟಿಕೆಟಿನ ಭಾಗ ಅಂತಲೇ ಲೆಕ್ಕ ಹಾಕಿ.

ಬಸವನಗುಡಿ ಬಿಸಿಬೇಳೆ

ಸರಿ ಕಣಪ್ಪ, ಲಾಂಡ್ರಿಯವರು ನನಗೆ ತೋಚಿರಲಿಲ್ಲ. ಆದರೂ ಟಿಕೆಟಿನಲ್ಲೇ ಸೇರಿಸಿ ಒಂದೇ ದರ ಹೇಳಬಹುದಲ್ವಾ ಕಂಪನಿಯವರು? ಸುಮ್ನೆ ನಮ್ಮನ್ನೂ ನಿಮ್ಮನ್ನೂ ಜಗಳಕ್ಕೆ ಹಚ್ಚುತ್ತಾರೆ.

ಪಣಂಬೂರಿನವ

ಅದು ನೂರಕ್ಕೆ ನೂರು ಸರಿ.

ಕಡಲ ದಾರಿ

ಮಲೆನಾಡಿಗರೇ, ದಡದ ಲೆಕ್ಕ ಹೇಳಿಬಿಡುತ್ತೇನೆ. ದೂರದ ಜಾಗಕ್ಕೆ ಹಡಗಿನವರ ಟೂರ್, ಹತ್ತಿರದ್ದಕ್ಕೆ ನಿಮ್ಮದೇ ವ್ಯವಸ್ಥೆ. ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವಾಗಿಯೇ ಹೋಗಿ ತಡ ಮಾಡಿದರೆ ಕಾಯಲ್ಲ. ಹೊರಡುವ ಅರ್ಧ ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನಿನ ಗಂಟೆ ನೋಡಬೇಡಿ, ಹಡಗಿನ ಗಂಟೆ ನೋಡಿ.

ದಾರಿಯಲ್ಲಿ ಸಿಗುವ ಸ್ಕ್ಯಾಗ್‌ವೇ ಊರಿನಲ್ಲಿ ವೈಟ್ ಪಾಸ್ ರೈಲು ಬಿಡಬೇಡಿ. ಚಿನ್ನದ ಆಸೆಗೆ ಜನ ನುಗ್ಗಿದ ಕಾಲದಲ್ಲಿ, 1898ರಲ್ಲಿ ಶುರು ಮಾಡಿ 1900ಕ್ಕೆ ಮುಗಿಸಿದ ಸಣ್ಣ ಗೇಜಿನ ದಾರಿ. ಸುಮಾರು 20 ಮೈಲಿಯಲ್ಲಿ 2,800 ಅಡಿಗಿಂತ ಜಾಸ್ತಿ ಏರುತ್ತದೆ. ಹತ್ತಿ ಕೂತರೆ ಇಳಿಯುವ ಕೆಲಸವಿಲ್ಲ, ಅಪ್ಪನಿಗೆ ಹೇಳಿ ಮಾಡಿಸಿದ್ದು. ಹೋಗುವಾಗ ಎಡಗಡೆಯ ಸೀಟು ಹಿಡಿಯಿರಿ. ತಲೆಗೆ 150 ಡಾಲರ್ ದಾಟುತ್ತದೆ, ಆದರೂ ಪರವಾಗಿಲ್ಲ. ಜೂನೋದಲ್ಲಿ ಬಂದರಿನ ಪಕ್ಕದಲ್ಲೇ ಬೆಟ್ಟ ಹತ್ತುವ ರೋಪ್‌ವೇ ಇದೆ, ಟೂರ್ ಬೇಕಿಲ್ಲ. ತಿಮಿಂಗಿಲ ನೋಡಲು ಹೋಗುವುದೂ ಇಲ್ಲಿಂದಲೇ. ಕೆಚಿಕನ್ ಅನ್ನುವ ಇನ್ನೊಂದು ಬಂದರಿನಲ್ಲಿ ಮಳೆ, ವರ್ಷಕ್ಕೆ ಸುಮಾರು 3,800 ಮಿಲಿಮೀಟರ್. ಅಮೆರಿಕನ್ನರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಗುಂಬೆಯಲ್ಲಿ ಅದರ ಎರಡರಷ್ಟು ಸುರಿಯುತ್ತದೆ, ಶಿವಮೊಗ್ಗದವರಿಗೆ ಅಲ್ಲಿ ಮಳೆ ತೋರಿಸುವುದೇನಿದೆ!

ಒಂದು ಎಚ್ಚರ. ಆ ಕಡೆ ಸಮುದ್ರದ ಭರತ ಇಳಿತದ ವ್ಯತ್ಯಾಸ 5 ಮೀಟರ್ ಆಸುಪಾಸು. ಬೆಳಿಗ್ಗೆ ಸಮವಾಗಿದ್ದ ಇಳಿಯುವ ಸೇತುವೆ ಮಧ್ಯಾಹ್ನ ಕಡಿದಾಗಿರುತ್ತದೆ. ಮಂಡಿ ನೋವಿನವರ ಜೊತೆ ಒಬ್ಬರು ಇರಿ. ಬುಕಿಂಗಿನಲ್ಲಿ ಯಾವುದೇ ಊರಿನ ಎದುರು 'ಟೆಂಡರ್' ಅಂತ ಇದ್ದರೆ ಹಡಗು ನೀರಿನ ನಡುವೆಯೇ ನಿಂತು ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ ಅಂತ ಅರ್ಥ. ದೋಣಿ ಕುಣಿಯುತ್ತಿರುತ್ತದೆ, ಅಪ್ಪನಿಗೆ ಕಷ್ಟ.

ಹುಬ್ಬಳ್ಳಿ ಮಂದಿ

ಓದ್ತಾ ಓದ್ತಾ ನನಗೂ ಆಸೆ ಬಂತು ಬಿಡ್ರಿ. ಈ ವೀಸಾ ಗೋಜಲಿಲ್ಲದೆ ನಮ್ಮ ದೇಶದಲ್ಲೇ ಏನಾದರೂ ಇದೆಯೇನು?

ಪಣಂಬೂರಿನವ

ಮುಂಬೈಯಿಂದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಉಂಟು. 1990ರಲ್ಲಿ ರಾಯಲ್ ಕೆರಿಬಿಯನ್‌ಗೆ ಕಟ್ಟಿದ್ದು, 2021ರಿಂದ ಇಲ್ಲಿ ಓಡ್ತಾ ಉಂಟು. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗ್ತದೆ. ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ, ಗುರುತಿನ ಚೀಟಿ ಸಾಕು. ಊಟಕ್ಕೆ ತೊಂದರೆಯೇ ಇಲ್ಲ, ಜೈನ್ ಊಟವೂ ಸಿಗ್ತದೆ. ಲಕ್ಷದ್ವೀಪದಲ್ಲಿ ಇಳಿಯುವುದು ಮಾತ್ರ ಸಣ್ಣ ದೋಣಿಯಲ್ಲಿ. ಅಲೆ ಜಾಸ್ತಿ ಇದ್ದರೆ ಇಳಿಸುವುದಿಲ್ಲ, ಡೆಕ್ ಮೇಲಿಂದ ನೋಡಿ ವಾಪಸ್. ಎರಡು ಮೂರು ರಾತ್ರಿ ಹೋಗಿ ನೋಡಿ, ಹಡಗು ನಿಮಗೆ ಹಿಡಿಸ್ತದಾ ಇಲ್ಲವಾ ಗೊತ್ತಾಗ್ತದೆ.

ಸಿಯಾಟಲ್ ಮಲೆನಾಡಿಗ

ಇನ್ನು ಮೂರು ಪ್ರಶ್ನೆ. ವಾಂತಿ ಮಾತ್ರೆ ಯಾವುದು? ಇನ್ಶೂರೆನ್ಸ್ ಹೇಗೆ? ಮೊದಲ ದಿನದ ಸುರಕ್ಷತಾ ಡ್ರಿಲ್ ತಪ್ಪಿಸಿಕೊಳ್ಳಬಹುದು ಅಂತ ಆಫೀಸಿನಲ್ಲಿ ಯಾರೋ ಹೇಳಿದರು, ನಿಜವಾ?

ಕಡಲ ದಾರಿ

ಡ್ರಿಲ್ ತಪ್ಪಿಸಿಕೊಳ್ಳುವ ಮಾತು ಬೇಡ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾನ್ಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅದೇ ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಅನ್ನುತ್ತಿತ್ತು. ಆಮೇಲೆ ಬದಲಾಯಿಸಿದರು. ಈಗ ಹಡಗು ಹೊರಡುವ ಮುಂಚೆ, ತಪ್ಪಿದರೆ ಹೊರಟ ಕೂಡಲೇ ಆಗಬೇಕು. ಈಗೀಗ ಬಹಳ ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯಿತು. ಅಪ್ಪ ಅಮ್ಮನನ್ನು ಆ ಜಾಗಕ್ಕೆ ಮೆಟ್ಟಿಲ ಮೇಲೆಯೇ ಒಮ್ಮೆ ನಡೆಸಿ ತೋರಿಸಿ. ಬೆಂಕಿ ಬಿದ್ದಾಗ ಲಿಫ್ಟ್ ಇರಲ್ಲ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಅಲ್ಲಿಗೆ ಹೋಗಬೇಕು ಅಂತ ಕನ್ನಡದಲ್ಲಿ ಹೇಳಿಡಿ.

ಮಾತ್ರೆ: ಊರಿನಲ್ಲಿ ಅವೊಮಿನ್ ಕೊಡುತ್ತಾರೆ, ಇಲ್ಲಿ ಮೆಕ್ಲಿಜಿನ್. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇದ್ದವರು ಡಾಕ್ಟರನ್ನು ಕೇಳದೆ ಎರಡನ್ನೂ ತಗೊಳ್ಳಬಾರದು. ಓಲಾಟ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮುಂಚೆಯೇ ತಗೊಳ್ಳಬೇಕು. ಹಸಿ ಶುಂಠಿ ಜಗಿದರೂ ಕೆಲವರಿಗೆ ಹಿತ ಅನ್ನಿಸುತ್ತದೆ.

ಇನ್ಶೂರೆನ್ಸಿನಲ್ಲಿ ಜಿಪುಣತನ ಬೇಡ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ಲು ನೇರ ನಿಮ್ಮ ಕಾರ್ಡಿಗೆ. ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ಹತ್ತಾರು ಸಾವಿರ ಡಾಲರ್. ವಿಸಿಟರ್ ಪಾಲಿಸಿ ತಗೊಳ್ಳುವಾಗ ಎರಡು ಕೇಳಿ: ಹಡಗಿನ ಮೇಲೆ ಅನ್ವಯಿಸುತ್ತದಾ, ತುರ್ತು ಸಾಗಾಟ ಸೇರಿದೆಯಾ? ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವುದು ಸಂಜೆ.

ಫೋನು ಏರೋಪ್ಲೇನ್ ಮೋಡಿನಲ್ಲಿ. ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ಲು ಏರುತ್ತದೆ.

ಸಿಯಾಟಲ್ ಮಲೆನಾಡಿಗ

ಎಲ್ಲರಿಗೂ ಧನ್ಯವಾದ. ವ್ಯಾಂಕೂವರ್‌ನಿಂದ ಹೊರಟು ಗ್ಲೇಸಿಯರ್ ಬೇ ನೋಡಿ ಬರುವ ಹಳೆಯ ಹಡಗು ಸಿಕ್ಕಿದೆ. ಮೇ ಕೊನೆ ಒಂದು ದರ, ಜುಲೈ ಇನ್ನೊಂದು ದರ. ಜುಲೈ ಬಹಳ ಜಾಸ್ತಿ ಇದೆ. ಇನ್ನೊಂದು, ಅಮ್ಮ ಫೋನಿನಲ್ಲಿ ಕೇಳುತ್ತಿದ್ದಾರೆ: ಹಡಗಿನಲ್ಲಿ ಸೀರೆ ಉಡಬಹುದಾ ಅಂತ!

ಕಡಲ ದಾರಿ

ಮೇ ಕೊನೆ ಆರಿಸಿ. ಅಲ್ಲಿ ಮೇ, ಜೂನ್‌ನಲ್ಲಿ ಮಳೆ ಕಡಿಮೆ, ಬೆಟ್ಟದ ಮೇಲೆ ಇನ್ನೂ ಹಿಮ ಇರುತ್ತದೆ, ಹಗಲು ಉದ್ದ, ಮಕ್ಕಳ ಗಲಾಟೆಯೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಸ್ವಲ್ಪ ಬೆಚ್ಚಗೆ, ಹೊಳೆಗೆ ಸಾಲ್ಮನ್ ಮೀನು ಏರುವುದು ನೋಡಬಹುದು, ಅಷ್ಟೇ. ಸೆಪ್ಟೆಂಬರ್ ಅಗ್ಗ ಅಂತ ಹೋಗಬೇಡಿ, ಆಗ ಮಳೆಗಾಳಿ.

ಸೀರೆ ಧಾರಾಳವಾಗಿ ಉಡಲಿ. ಒಂದೆರಡು ರಾತ್ರಿ ಎಲ್ಲರೂ ಕೋಟು, ಗೌನು ಹಾಕಿ ಊಟಕ್ಕೆ ಬರುತ್ತಾರೆ, ಅಂದು ಅಮ್ಮನಿಗೆ ಒಂದು ರೇಷ್ಮೆ ಸೀರೆ ತರಲು ಹೇಳಿ. ಗ್ಲೇಸಿಯರ್ ದಿನ ಮಾತ್ರ ಬೇಡ. ಡೆಕ್ ಮೇಲಿನ ಗಾಳಿಗೆ ಸೆರಗು ನಿಲ್ಲಲ್ಲ. ಒಳಗೆ ಥರ್ಮಲ್, ಮೇಲೆ ಪ್ಯಾಂಟು, ಜಾಕೆಟ್, ಉಲ್ಲನ್ ಟೋಪಿ, ಜಾರದ ಶೂ. ಇವನ್ನೆಲ್ಲ ಶಿವಮೊಗ್ಗದಲ್ಲಿ ಹುಡುಕಬೇಡಿ, ಸಿಯಾಟಲ್‌ನಲ್ಲೇ ಕೊಡಿಸಿ.